ಸಾಂಬಾರ ಪದಾರ್ಥಗಳ ಪೂರೈಕೆ: ಘಟ್ಟದಿಂದ ಎರೆಹೊಲಕ್ಕೆ

ಭಾರತದಿಂದ ಹೊರದೇಶಗಳಿಗೆ ಹೋಗುವ ಸಾಂಬಾರ ಪದಾರ್ಥಗಳಲ್ಲಿ ತೂಕದಲ್ಲೂ ಬೆಲೆಯಲ್ಲೂ ಮುಂದಿರುವುದು ಒಣಮೆಣಸಿನಕಾಯಿ. 2023–24ರಲ್ಲಿ ರಫ್ತಾದ ಸುಮಾರು 15 ಲಕ್ಷ ಟನ್ನಿನಲ್ಲಿ ಇದರ ಪಾಲೇ ಸುಮಾರು 6 ಲಕ್ಷ ಟನ್. ಐನೂರೈವತ್ತು ವರ್ಷಗಳ ಹಿಂದೆ ಈ ಬೆಳೆ ದೇಶದಲ್ಲಿ ಇರಲೇ ಇಲ್ಲ. ಘಟ್ಟದ ಕರಿಮೆಣಸು, ಏಲಕ್ಕಿಗಳ ಸ್ಥಾನಕ್ಕೆ ಬಯಲುಸೀಮೆಯ ಎರೆಹೊಲದ ಕಾಯಿ ಹೇಗೆ ಬಂತು, ಹಾಗೆ ಬರುವಾಗ ಪೂರೈಕೆಯ ಹೊರೆ ಯಾರ ಹೆಗಲಿಗೆ ದಾಟಿತು ಎಂಬುದು ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳಿಗೆ ನೇರವಾಗಿ ಸಂಬಂಧಿಸಿದ ವಿಷಯ.

ಹದಿನಾರನೇ ಶತಮಾನದವರೆಗೆ ಪೂರೈಕೆಯ ಕೀಲಿ ಪಶ್ಚಿಮ ಘಟ್ಟದಲ್ಲಿತ್ತು. 1498ರಲ್ಲಿ ಕಲ್ಲಿಕೋಟೆಗೆ ಬಂದ ಪೋರ್ಚುಗೀಸರು ಅರಸಿದ್ದು ಕರಿಮೆಣಸನ್ನು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಘಟ್ಟದ ಬಳ್ಳಿ, ನದಿಯ ದೋಣಿ, ಕರಾವಳಿಯ ಬಂದರು, ಇಷ್ಟನ್ನು ಹಿಡಿತದಲ್ಲಿಟ್ಟುಕೊಂಡವರಿಗೆ ಪೂರೈಕೆಯೂ ದಕ್ಕುತ್ತಿತ್ತು. ಅದೇ ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕ ಖಂಡದ ಮೆಣಸಿನಕಾಯಿ ಪಶ್ಚಿಮ ಕರಾವಳಿಗೆ ಇಳಿಯಿತು. ಮರದ ಆಸರೆ ಬೇಡದ, ಮಳೆಕಾಡು ಬೇಡದ ಗಿಡ ಅದು. ಬಿತ್ತಿದ ವರ್ಷವೇ ಫಲ ಕೊಡುತ್ತದೆ, ಬಯಲಿನ ಬಿಸಿಲಿನಲ್ಲೇ ಒಣಗುತ್ತದೆ. ಖಾರ ಬಡವರ ಹಿತ್ತಿಲಿಗೂ ಬಂದದ್ದು ಈ ಕಾರಣಗಳಿಂದ.

ಸ್ವಾತಂತ್ರ್ಯಾನಂತರ ಘಟ್ಟದ ಬೆಳೆಗಳು ಜಗತ್ತಿನ ಮಾರುಕಟ್ಟೆಯಲ್ಲಿ ಒಂದೊಂದಾಗಿ ಹಿಂದೆ ಬಿದ್ದವು. ಏಲಕ್ಕಿಗೆ 1966ರಲ್ಲಿ ಪ್ರತ್ಯೇಕ ಮಂಡಳಿ ರಚನೆಯಾದರೂ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳನ್ನು ಕಟ್ಟೆ ರೋಗ ಮತ್ತು ಕೊಕ್ಕೆ ಕಂದು ರೋಗ ಹಣ್ಣುಮಾಡಿದವು. ಗ್ವಾಟೆಮಾಲ 1980ರ ದಶಕದಲ್ಲಿ ಭಾರತವನ್ನು ಹಿಂದಿಕ್ಕಿತು. ಕರಿಮೆಣಸಿನಲ್ಲಿ ಇಪ್ಪತ್ತೊಂದನೇ ಶತಮಾನದ ಆರಂಭಕ್ಕೆ ವಿಯೆಟ್ನಾಂ ಮುಂದಾಯಿತು. ಅಗ್ಗದ ಮೆಣಸು ಶ್ರೀಲಂಕಾದ ದಾರಿಯಾಗಿ ಒಳಬರುತ್ತದೆಂಬ ಬೆಳೆಗಾರರ ದೂರು ಬಲವಾದಾಗ, 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಪಡಿಸಿತು. ದೇಶದೊಳಗೂ ಬದಲಾವಣೆಯಾಗಿದೆ: ಕಾಫಿ ತೋಟದ ನೆರಳುಮರಗಳಿಗೆ ಬಳ್ಳಿ ಹಬ್ಬಿಸಿದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬಲದಿಂದ ಕರ್ನಾಟಕವು ಕರಿಮೆಣಸಿನ ಉತ್ಪಾದನೆಯಲ್ಲಿ ಕೇರಳವನ್ನು ದಾಟಿತು.

ಈ ಕಾಲದುದ್ದಕ್ಕೂ ಏರುತ್ತಲೇ ಬಂದದ್ದು ಮೆಣಸಿನಕಾಯಿ. ಉತ್ತರ ಕರ್ನಾಟಕದಲ್ಲಿ ಅದರ ಹಳೆಯ ನೆಲೆ ಹಾವೇರಿ, ಧಾರವಾಡ, ಗದಗ ಸೀಮೆಯ ಮಳೆಯಾಶ್ರಿತ ಹೊಲ. ಅಲ್ಲಿನ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಗಿಡ್ಡಗೆ ದುಂಡಗಿರುವುದು ಡಬ್ಬಿ, ಉದ್ದಗೆ ತೆಳ್ಳಗಿರುವುದು ಕಡ್ಡಿ. ಒಣಗಿದಾಗ ಎರಡರ ಮೈಮೇಲೂ ಸುಕ್ಕು ಬೀಳುತ್ತದೆ. ಖಾರ ಕಡಿಮೆ, ಕೆಂಪು ಹೆಚ್ಚು. ಆ ಕೆಂಪೇ ಇದನ್ನು ಕಾರ್ಖಾನೆಯ ಸರಕಾಗಿಸಿತು. ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಎಣ್ಣೆಯಂಥ ಸಾರವು ಸಿದ್ಧ ಆಹಾರಕ್ಕೂ ತುಟಿಬಣ್ಣ, ಉಗುರುಬಣ್ಣಗಳಿಗೂ ಬೇಕು. ಹೀಗಾಗಿ ಕೊಳ್ಳುವವರು ಖಾರಕ್ಕಿಂತ ಮೊದಲು ಬಣ್ಣದ ಅಂಶವನ್ನು ಅಳೆಯುತ್ತಾರೆ. ಬಿಸಿಲು, ಸೆಕೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬಣ್ಣ ಮಾಸುತ್ತದೆ. ಕೋಲ್ಡ್ ಸ್ಟೋರೇಜ್ ಇದ್ದವರಿಗೆ ಕಾಯುವ ಶಕ್ತಿ ಇರುತ್ತದೆ, ಇಲ್ಲದವರು ಬಂದ ದರಕ್ಕೆ ಕೊಟ್ಟು ಬರಬೇಕು.

ಮಳೆಯಾಶ್ರಿತ ಹೊಲಗಳಿಂದ ಕಾರ್ಖಾನೆಯ ಹಸಿವು ತೀರಲಿಲ್ಲ. ಬೆಳೆ ಕಾಲುವೆ ನೀರಿರುವ ಪೂರ್ವದ ಕಡೆಗೆ, ಬಳ್ಳಾರಿ, ರಾಯಚೂರು ಮತ್ತು ನೆರೆಯ ಆಂಧ್ರಕ್ಕೆ ಹರಡಿತು. ಕೃಷ್ಣಾ–ತುಂಗಭದ್ರೆಗಳ ನಡುವಿನ ದೋಆಬಿನಲ್ಲಿ ಸಿಂಧನೂರು, ಮಸ್ಕಿ ಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಲಿಂಗಸುಗೂರು ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೇರೂರಿತು. ಭತ್ತಕ್ಕೆ ಸಾಲುವಷ್ಟು ನೀರು ಮುಟ್ಟದ ಹೊಲಗಳಿಗೆ ಹತ್ತಿ, ತೊಗರಿಯ ಜೊತೆ ಮೆಣಸಿನಕಾಯಿ ಒಗ್ಗಿತು.

ಬೀಜವೂ ಬದಲಾಯಿತು. ಹಿಂದೆ ರೈತರು ಕಣದಲ್ಲೇ ಒಳ್ಳೆಯ ಕಾಯಿ ಆರಿಸಿ ಮುಂದಿನ ವರ್ಷಕ್ಕೆ ಬೀಜ ಎತ್ತಿಡುತ್ತಿದ್ದರು. ಈಗ 5531, 2043 ಎಂದು ಸಂಖ್ಯೆಯಿಂದಲೇ ಕರೆಯುವ ಹೈಬ್ರಿಡ್ ತಳಿಗಳು ಪ್ರತಿ ವರ್ಷ ಅಂಗಡಿಯಿಂದ ಬರಬೇಕು. ಇಳುವರಿ ಹೆಚ್ಚಿತು, ಗೊಬ್ಬರ, ಔಷಧಿಯ ಖರ್ಚೂ ಹೆಚ್ಚಿತು. ನುಸಿಯಿಂದ ಬರುವ ಮುಟುರು ರೋಗ ಮೊದಲಿನಿಂದಲೂ ಇದ್ದದ್ದೇ. 2021–22ರಲ್ಲಿ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊಸ ಕಪ್ಪು ಥ್ರಿಪ್ಸ್ ಕೀಟ ಹೂವಿಗೇ ನುಗ್ಗಿ ತೆಲಂಗಾಣ, ಆಂಧ್ರ, ಕರ್ನಾಟಕಗಳ ಬೆಳೆಯನ್ನು ಹಾಳುಮಾಡಿತು. ಔಷಧಿ ಹೊಡೆದಷ್ಟೂ ಕಾಯಿಯಲ್ಲಿ ಅದರ ಶೇಷ ಉಳಿಯುವ ಭಯ. ಶೇಷದ ಕಾರಣಕ್ಕೆ ಹೊರದೇಶದಲ್ಲಿ ಸರಕು ತಿರಸ್ಕೃತವಾದರೆ ಅದರ ಪೆಟ್ಟು ಕೊನೆಗೆ ಹೊಲಕ್ಕೇ ಬಂದು ಬೀಳುತ್ತದೆ.

ಕೊಯ್ಲಿನಲ್ಲಿ ಯಂತ್ರಕ್ಕೆ ಇನ್ನೂ ಸ್ಥಾನವಿಲ್ಲ. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಕಾಯಿ ಹಣ್ಣಾದಂತೆ ಸಾಲು ಹಿಡಿದು ಮತ್ತೆ ಮತ್ತೆ ಬಿಡಿಸಬೇಕು. ತಲೆಗೆ ಬಟ್ಟೆ ಸುತ್ತಿ, ಮೂಗು ಮುಚ್ಚಿಕೊಂಡು ಈ ಕೆಲಸ ಮಾಡುವವರು ಬಹುಪಾಲು ಹೆಣ್ಣುಮಕ್ಕಳು. ಬೆಳೆಯ ಖರ್ಚಿನಲ್ಲಿ ದೊಡ್ಡ ಪಾಲು ಈ ಕೂಲಿಯದೇ ಆದರೂ ರಫ್ತಿನ ಲೆಕ್ಕದಲ್ಲಿ ಈ ಕೈಗಳು ಕಾಣುವುದಿಲ್ಲ. ಬಿಡಿಸಿದ ಕಾಯನ್ನು ಕಣದಲ್ಲಿ ಹರವಿ ದಿನಕ್ಕೊಮ್ಮೆಯಾದರೂ ಕೈಯಾಡಿಸಬೇಕು. ಬರಿನೆಲದ ಕಣದಲ್ಲಿ ಅಕಾಲ ಮಳೆ ಬಿದ್ದರೆ, ರಾತ್ರಿಯ ಮಂಜಿನಲ್ಲಿ ರಾಶಿ ಮೆತ್ತಗಾದರೆ, ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳುತ್ತದೆ. ಸಿಮೆಂಟಿನ ಕಣ, ತಾಡಪಾಲುಗಳು ಸಣ್ಣ ವಸ್ತುಗಳೆನಿಸಬಹುದು. ರಫ್ತಿನ ಗುಣಮಟ್ಟ ನಿರ್ಧಾರವಾಗುವುದು ಅವುಗಳ ಮೇಲೆಯೇ.

ಒಣಗಿದ ಕಾಯಿ ಚೀಲ ತುಂಬಿ ಲಾರಿ ಏರಿ ಬ್ಯಾಡಗಿಗೋ ಗುಂಟೂರಿಗೋ ಹೋಗುತ್ತದೆ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಟೆಂಡರು. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಾಡಿಗೆ ತೆತ್ತು ಬಂದವರಿಗೆ ದರ ಇಳಿದರೆ ಚೀಲ ಮರಳಿ ಒಯ್ಯುವುದು ಆಗದ ಮಾತು. 2024ರ ಮಾರ್ಚ್ 11ರಂದು ದರ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದವರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಹಿಂಸೆಗೆ ಸಮರ್ಥನೆ ಇಲ್ಲ. ಆದರೆ ಅದರ ಹಿಂದಿನ ಸಂಕಟ ನಿಜವಾದದ್ದು: ಒಂದು ವರ್ಷದ ಒಳ್ಳೆಯ ದರ ನೋಡಿ ಮರುವರ್ಷ ಎಲ್ಲರೂ ನಾಟಿ ಮಾಡುತ್ತಾರೆ, ಆವಕ ಉಕ್ಕುತ್ತದೆ, ಹಳೆಯ ದಾಸ್ತಾನು ಇನ್ನೂ ಕರಗಿರುವುದಿಲ್ಲ.

ಕೇಂದ್ರ ಸರ್ಕಾರ ಪ್ರತಿ ವರ್ಷ ಘೋಷಿಸುವ ಬೆಂಬಲ ಬೆಲೆಯ ಪಟ್ಟಿಯಲ್ಲಿ ಮೆಣಸಿನಕಾಯಿ ಇಲ್ಲ. ದರ ತೀರಾ ಬಿದ್ದಾಗ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯೊಂದೇ ದಾರಿ. 2025ರ ಫೆಬ್ರುವರಿಯಲ್ಲಿ ಆಂಧ್ರದ ಬೆಳೆಗೆ ಅದರಡಿ ಕ್ವಿಂಟಲಿಗೆ 11,781 ರೂಪಾಯಿ ಗೊತ್ತುಪಡಿಸಲಾಯಿತು. ಕಾಯಿ ರೈತರ ಮನೆಯಿಂದ ಹೊರಬಿದ್ದ ಮೇಲೆ ಬರುವ ಇಂಥ ಆದೇಶ ತಡವಾದಷ್ಟೂ ದಾಸ್ತಾನು ಇಟ್ಟವರಿಗೇ ಅನುಕೂಲ. ನಾಟಿಗೆ ಮುನ್ನವೇ, ಅಂದರೆ ಜುಲೈ–ಆಗಸ್ಟಿನಲ್ಲಿ, ದಾಸ್ತಾನಿನ ಪ್ರಮಾಣವೂ ಬೆಂಬಲದ ದರವೂ ಹಳ್ಳಿಗೆ ತಿಳಿದರೆ ಎಷ್ಟು ಎಕರೆ ಹಾಕಬೇಕೆಂಬುದನ್ನು ಲಿಂಗಸುಗೂರಿನ ರೈತರು ಕಣ್ತೆರೆದು ನಿರ್ಧರಿಸಬಲ್ಲರು.