ತೂಕದ ಪುಸ್ತಕವೂ ನಮ್ಮದೇ ಪುಸ್ತಕ

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ಬೆಳಿಗ್ಗೆ ಎದ್ದು ಡೇರಿಗೆ ಹಾಲು ಹಾಕಿ, ಮನೆಯವರಿಗೆ ಮುದ್ದೆ ಮಾಡಿಟ್ಟು, ಎರಡು ಬಸ್ಸು ಬದಲಾಯಿಸಿ ಬಂದಿದ್ದೀರಿ. ಇವತ್ತು ಸಾಲ, ಬಡ್ಡಿ, ಉಳಿತಾಯದ ಮಾತು ಬೇಡ. ಆದರೆ ಪುಸ್ತಕದ ಮಾತು ಇದೆ.

ಒಂದು ಪ್ರಶ್ನೆ ಕೇಳುತ್ತೇವೆ. ನಿಮ್ಮ ಸಂಘದಲ್ಲಿ ಯಾರಾದರೂ ಕಂತು ಕಟ್ಟದಿದ್ದರೆ ಎಷ್ಟು ದಿನಕ್ಕೆ ಗೊತ್ತಾಗುತ್ತೆ? ಅದೇ ವಾರ, ಅಲ್ವಾ? ಇಡೀ ಬೀದಿಗೇ ಗೊತ್ತಾಗುತ್ತೆ. ಸರಿ, ನಿಮ್ಮ ಬೀದಿಯಲ್ಲಿರುವ ಒಂದೂವರೆ ವರ್ಷದ ಮಗು ಮೂರು ತಿಂಗಳಿಂದ ಒಂದು ಗ್ರಾಂ ಕೂಡ ಏರಿಲ್ಲ ಅಂದರೆ ಎಷ್ಟು ದಿನಕ್ಕೆ ಗೊತ್ತಾಗುತ್ತೆ? ಆ ವಯಸ್ಸಿನ ಮಗು ತಿಂಗಳಿಗೆ ಸುಮಾರು 200 ಗ್ರಾಂ ಏರಬೇಕು. ಏರದಿದ್ದರೆ ಅದೂ ಕಟ್ಟದೆ ಉಳಿದ ಕಂತೇ. ಆದರೆ ಕೇಳುವವರು ಯಾರು?

ಈ ಮಾತನ್ನು ನಿಮಗೆ ಹೇಳುವ ಮೊದಲು ನಮ್ಮ ತಪ್ಪನ್ನೂ ಹೇಳಬೇಕು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಅಂಗನವಾಡಿ ಬಾಗಿಲು ಮುಚ್ಚಿತು. ಮನೆಗೇ ಆಹಾರ ಸಾಮಗ್ರಿ ಕೊಟ್ಟರು, ಅದು ಒಳ್ಳೆಯದೇ. ಆದರೆ ನಮ್ಮ ರಾಜ್ಯದಲ್ಲಿ ಅಂಗನವಾಡಿ ಮತ್ತೆ ತೆರೆದದ್ದು 2021ರ ನವೆಂಬರ್‌ನಲ್ಲಿ. ಕೂಲಿ ಇಲ್ಲ, ಸಂತೆ ಇಲ್ಲ, ಮೊಟ್ಟೆ ಇಲ್ಲ. ಮಕ್ಕಳನ್ನು ತಪ್ಪದೆ ತೂಗಬೇಕಾಗಿದ್ದ ಕಾಲದಲ್ಲೇ ಎಷ್ಟೋ ಊರುಗಳಲ್ಲಿ ತಕ್ಕಡಿ ಮೂಲೆ ಸೇರಿತು.

ಆಗ ನಾವೂ ದಿನಸಿ ಕಿಟ್ ಹಂಚಿದೆವು. ನಮ್ಮ ಪಟ್ಟಿಯಲ್ಲಿ ಮನೆ ಯಜಮಾನರ ಹೆಸರು, ಅಕ್ಕಿ ಎಷ್ಟು ಕೆ.ಜಿ., ಎಣ್ಣೆ ಎಷ್ಟು ಲೀಟರ್, ಸಹಿ, ಎಲ್ಲಾ ಇತ್ತು. ಆ ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದೆಯಾ, ಅದರ ತೂಕ ಎಷ್ಟು ಎಂಬ ಕಾಲಂ ಇರಲಿಲ್ಲ. ಎಂ.ಎಸ್.ಡಬ್ಲ್ಯೂ ಓದಿದ ನಮಗೇ ಹೊಳೆಯಲಿಲ್ಲ ನೋಡಿ. ಪಟ್ಟಿ ಮಾಡಿದ್ದು ರೇಷನ್ ಕಾರ್ಡ್ ನೋಡಿ. ಪಾಂಡವಪುರದ ಕಡೆ ಕಬ್ಬು ಕಡಿಯಲು ಬಳ್ಳಾರಿ ಸೀಮೆಯಿಂದ ಬಂದವರ ಗುಡಾರಗಳು ಗದ್ದೆ ಬದಿಯಲ್ಲೇ ಇದ್ದವು. ಅವರ ಕಾರ್ಡು ಅವರ ಊರಲ್ಲಿ, ಹಾಗಾಗಿ ಅವರು ನಮ್ಮ ಪಟ್ಟಿಯಲ್ಲಿ ಇಲ್ಲ.

ಯಾರೋ ಹೇಳಿದ ಮೇಲೆ ಅಲ್ಲಿಗೆ ಹೋದೆವು. ಒಬ್ಬ ತಾಯಿಯ ಸೊಂಟದಲ್ಲಿ ಒಂದು ಹೆಣ್ಣು ಮಗು. ಅಳುತ್ತಿರಲಿಲ್ಲ, ಅದೇ ನಮಗೆ ಹೆದರಿಕೆ ಆಯಿತು. ತೋಳಿಗೆ ಅಳತೆ ಪಟ್ಟಿ ಸುತ್ತಿದರೆ 11 ಸೆಂಟಿಮೀಟರ್. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5ಕ್ಕಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಸೇರಿಸೋಣ ಎಂದೆವು. "ಅವರನ್ನ ಕೇಳಿ ಹೇಳ್ತೀನಿ ಅಕ್ಕ" ಅಂದಳು. ವಾಹನ, ಪಾಸು ಎಲ್ಲ ಹೊಂದಿಸಿಕೊಂಡು ಎಂಟು ದಿನ ಬಿಟ್ಟು ಹೋದರೆ ಗುಡಾರ ಇದ್ದ ಜಾಗದಲ್ಲಿ ಒಲೆಯ ಮೂರು ಕಲ್ಲು ಮಾತ್ರ ಇತ್ತು. ಇಲ್ಲಿನ ಅಂಗನವಾಡಿ ಪುಸ್ತಕದಲ್ಲಿ ಆ ಮಗುವಿನ ಹೆಸರಿಲ್ಲ. ನಮ್ಮ ಪುಸ್ತಕದಲ್ಲೂ ಊರಿನ ಹೆಸರು ಬರೆದುಕೊಂಡಿರಲಿಲ್ಲ. ಎಲ್ಲಿ ಅಂತ ಹುಡುಕೋದು?

ದೊಡ್ಡ ಸಮೀಕ್ಷೆಗಳು ಇವೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಹೆಚ್ಚುಕಡಿಮೆ 20 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲ ಎಂದು ಬಂತು. ಆದರೆ ನಮ್ಮ ರಾಜ್ಯದಲ್ಲಿ ಆ ಲೆಕ್ಕ ತೆಗೆದದ್ದು 2019ರಲ್ಲಿ, ಕೊರೋನಾಕ್ಕೆ ಮುಂಚೆ. 2023ರಲ್ಲಿ ಬರ ಬಂತು, 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ನಾಲೆ ಬಯಲಿನವರೇ ನೀರಿಗೆ ಬಾಯಿ ಬಿಟ್ಟರು, ಇನ್ನು ನಾಗಮಂಗಲದ ಬೋರೆ ಮೇಲಿನವರ ಪಾಡು ಕೇಳಬೇಕೇ? ಎಷ್ಟು ಎಕರೆ ರಾಗಿ ಒಣಗಿತು ಅನ್ನೋದಕ್ಕೆ ಲೆಕ್ಕ ಬರೆದರು, ಪರಿಹಾರಕ್ಕೆ ಅದು ಬೇಕು. ಎಷ್ಟು ಮಕ್ಕಳು ಒಣಗಿದರು ಅನ್ನೋದು ಆಯಾ ತಿಂಗಳು ತೂಗಿದರೆ ಮಾತ್ರ ತಿಳಿಯುತ್ತೆ.

ತೂಗುವ ವ್ಯವಸ್ಥೆ ಹೊಸದೇನಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐ.ಸಿ.ಡಿ.ಎಸ್. ಶುರುವಾದಾಗ ಅದರಲ್ಲಿ ನಮ್ಮ ಪಕ್ಕದ ಟಿ.ನರಸೀಪುರವೂ ಒಂದು. ಮೊದಲು ರಿಜಿಸ್ಟರ್ ಇತ್ತು. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಇದೆ. ಕಾರ್ಯಕರ್ತೆ ಮೊಬೈಲ್‌ನಲ್ಲಿ ತೂಕ, ಎತ್ತರ ಹಾಕಿದರೆ ಮಗು ಯಾವ ಮಟ್ಟದಲ್ಲಿದೆ ಅಂತ ಅದೇ ಹೇಳುತ್ತೆ. ಊರು ಬಿಟ್ಟು ಹೋದ ಕುಟುಂಬದ ಹೆಸರನ್ನು ಬೇರೆ ಅಂಗನವಾಡಿಗೆ ವರ್ಗಾಯಿಸಲೂ ಬರುತ್ತೆ. ಆವತ್ತು ಅದು ನಮ್ಮ ಕೈಯಲ್ಲಿ ಇದ್ದಿದ್ದರೆ ಎಂದು ಎಷ್ಟೋ ಸಲ ಅನಿಸಿದೆ.

ಆದರೆ ಆ್ಯಪ್‌ಗೆ ಮಗು ಕಾಣೋದಿಲ್ಲ, ನಾವು ಒತ್ತಿದ ಸಂಖ್ಯೆ ಮಾತ್ರ ಕಾಣುತ್ತೆ. ಒಂದು ಕಡೆ ಪುಸ್ತಕ ನೋಡಿದಾಗ ಹತ್ತು ಹನ್ನೆರಡು ಮಕ್ಕಳೂ ಪ್ರತಿ ತಿಂಗಳು ಸರಿಯಾಗಿ 200 ಗ್ರಾಂ ಏರಿದ್ದರು, ಜ್ವರ ಬಂದ ಮಗು ಸಹಿತ! ತಕ್ಕಡಿ ಕೆಟ್ಟು ನಾಲ್ಕು ತಿಂಗಳಾಗಿತ್ತಂತೆ. ಕಾರ್ಯಕರ್ತೆಯನ್ನು ಬೈಯೋದು ಸುಲಭ. ಅವಳಿಗೆ ಚುನಾವಣೆ ಕೆಲಸ, ಸಮೀಕ್ಷೆ ಕೆಲಸ, ನೆಟ್‌ವರ್ಕ್ ಹುಡುಕಿಕೊಂಡು ಜಗಲಿ ಹತ್ತುವ ಕೆಲಸ. 2025ರ ಜುಲೈಯಿಂದ ಮನೆಗೆ ಕೊಡುವ ಆಹಾರಕ್ಕೆ ತಾಯಿಯ ಮುಖದ ಫೋಟೋ ಹೊಂದಬೇಕು ಎಂಬ ನಿಯಮ ಬೇರೆ ಬಂದಿದೆ. ಮುಖ ಹೊಂದಿಸುವುದರಲ್ಲೇ ಹೊತ್ತು ಹೋದರೆ ಮಗುವನ್ನು ತೂಗುವುದು ಯಾವಾಗ ಎಂಬುದು ನಮ್ಮ ಪ್ರಶ್ನೆ.

ಇನ್ನೊಂದು ವಿಷಯ. ಸಂಖ್ಯೆ ಸರಿ ಇದ್ದರೂ ಸಾಲದು. ಆಫ್ರಿಕಾದ ಸೊಮಾಲಿಯಾದಲ್ಲಿ 2010ರ ಕೊನೆಯಿಂದಲೇ ಮಳೆ, ದರ, ಮಕ್ಕಳ ತೂಕ ಎಲ್ಲ ಅಳೆದು ಕ್ಷಾಮ ಬರುತ್ತಿದೆ ಅಂತ ಎಚ್ಚರಿಸುತ್ತಲೇ ಇದ್ದರು. ಕ್ಷಾಮ ಎಂದು ಘೋಷಣೆ ಆದದ್ದು 2011ರ ಜುಲೈನಲ್ಲಿ. ಯುದ್ಧ ಬೇರೆ ಇತ್ತು, ನೆರವು ತಡವಾಯಿತು. ಆಮೇಲೆ ನಡೆದ ಅಧ್ಯಯನದ ಅಂದಾಜಿನಂತೆ ಸುಮಾರು 2 ಲಕ್ಷ 58 ಸಾವಿರ ಜನ ಸತ್ತರು, ಅರ್ಧಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಅಲ್ಲಿ ಲೆಕ್ಕ ಇತ್ತು, ಆ ಲೆಕ್ಕ ನೋಡಿ ಎದ್ದು ಓಡುವವರು ಇರಲಿಲ್ಲ.

ನಮ್ಮಲ್ಲಿ ಓಡುವವರು ನೀವೇ. ಬಾಲವಿಕಾಸ ಸಮಿತಿಯಲ್ಲಿ ತಾಯಂದಿರಿಗೆ ಜಾಗ ಇದೆ, ಸ್ತ್ರೀಶಕ್ತಿ ಸಂಘಗಳು ಹುಟ್ಟಿದ್ದೇ ಅಂಗನವಾಡಿ ಅಂಗಳದಲ್ಲಿ. ತೂಗುವ ದಿನ ಇಬ್ಬರು ಹೋಗಿ ಕೂರಿ. ಒಬ್ಬರು ಮಕ್ಕಳನ್ನು ಹಿಡಿಯಿರಿ, ಒಬ್ಬರು ತಕ್ಕಡಿ ಸೊನ್ನೆಗೆ ನಿಂತಿದೆಯಾ ನೋಡಿ. ಚಪ್ಪಲಿ, ಸ್ವೆಟರ್ ತೆಗೆಸಿ. ತಾಯಿ ಕಾರ್ಡಿನಲ್ಲಿ ಚುಕ್ಕೆ ಹಾಕಿಸಿಕೊಳ್ಳಿ. ಗೆರೆ ಮಲಗಿದರೆ ಆವತ್ತೇ ಆಶಾಗೆ ಹೇಳಿ. ಪುನರ್ವಸತಿ ಕೇಂದ್ರದಲ್ಲಿ ಎರಡು ವಾರ ಇರಬೇಕಾಗುತ್ತೆ. ಅಷ್ಟು ದಿನ ಆ ತಾಯಿಯ ಎಮ್ಮೆಗೆ ಹುಲ್ಲು ಹಾಕೋರು ಯಾರು, ದೊಡ್ಡ ಮಗುವನ್ನ ನೋಡೋರು ಯಾರು ಅಂತ ಸಂಘದಲ್ಲಿ ತೀರ್ಮಾನ ಮಾಡಿ. ಇದು ಆಗದೆ ಎಷ್ಟೋ ತಾಯಂದಿರು ಮೂರನೇ ದಿನಕ್ಕೇ ವಾಪಸ್ ಬಂದಿದ್ದಾರೆ. ಕಬ್ಬಿನವರು, ಇಟ್ಟಿಗೆಯವರು ಬಂದರೆ ಮೊದಲ ವಾರವೇ ಮಕ್ಕಳ ಹೆಸರು, ಅವರ ಸ್ವಂತ ಊರು, ಫೋನ್ ನಂಬರ್ ಬರೆದು ಅಂಗನವಾಡಿಗೆ ಕೊಡಿ. ಆದರೆ ಯಾರ ಮಗು ಸೊರಗಿದೆ ಅಂತ ನಲ್ಲಿ ಹತ್ತಿರ ಆಡಿಕೊಳ್ಳಬೇಡಿ. ಆಡಿಕೊಂಡರೆ ಮುಂದಿನ ತಿಂಗಳು ಆ ತಾಯಿ ತೂಕಕ್ಕೇ ಬರೋದಿಲ್ಲ.

ಮೇಜಿನ ಮೇಲೆ ತೋಳಿನ ಅಳತೆ ಪಟ್ಟಿಗಳಿವೆ, ಸಂಘಕ್ಕೆ ಎರಡು ತೆಗೆದುಕೊಳ್ಳಿ. ಎಡ ತೋಳು, ಭುಜಕ್ಕೂ ಮೊಣಕೈಗೂ ಸರಿಯಾಗಿ ನಡುವೆ, ಬಿಗಿ ಮಾಡಬಾರದು. ಟೀ ಆದ ಮೇಲೆ ಜೊತೆಗೆ ಕರೆತಂದಿರುವ ಮಕ್ಕಳನ್ನೇ ಅಳೆದು ಕಲಿಯೋಣ, ಕೆ.ಆರ್.ಪೇಟೆಯವರಿಗೆ ಬಸ್ಸು ನಾಲ್ಕಕ್ಕೆ ಇದೆ, ಅವರು ಮೊದಲು ಬನ್ನಿ.