ಶಾಲೆಯ ಗಂಟೆ ಹೊಡೆದ ಮೇಲೆ ಮೊಬೈಲ್ ಮಲಗಲಿ

(ಯುವಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ನಾನು ಪಿಯುಸಿವರೆಗೆ ಓದಿದವನು. ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಮದುವೆ ಕಾರ್ಡು, ರಸೀದಿ ಪುಸ್ತಕ, ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಇವೆಲ್ಲ ನಮ್ಮಲ್ಲಿ ಅಚ್ಚಾಗುತ್ತವೆ. ವಿದ್ವಾಂಸರ ಭಾಷಣವನ್ನು ನನ್ನಿಂದ ನಿರೀಕ್ಷಿಸಬೇಡಿ. ಆದರೆ ಗಮನ ಎಂದರೇನು ಎಂಬುದು ಪ್ರೆಸ್ಸಿನವನಿಗೆ ಚೆನ್ನಾಗಿ ಗೊತ್ತು. ಪ್ರೂಫ್ ನೋಡುವಾಗ ಕಣ್ಣು ಒಂದು ಕ್ಷಣ ಅತ್ತಿತ್ತ ಹೋದರೆ ಸಾಕು, ಒಂದು ಒತ್ತಕ್ಷರ ಬಿದ್ದುಹೋಗುತ್ತದೆ. ಸಾವಿರ ಪ್ರತಿಯಲ್ಲೂ ಅದೇ ತಪ್ಪು! ಅದಕ್ಕೇ ನಮ್ಮಲ್ಲಿ ಪ್ರೂಫ್ ನೋಡುವ ಮೇಜಿನ ಮೇಲೆ ಮೊಬೈಲ್ ಇಡುವಂತಿಲ್ಲ. ಸಂಬಳ ತೆಗೆದುಕೊಳ್ಳುವ ದೊಡ್ಡವರಿಗೇ ಈ ಕಟ್ಟುಪಾಡು ಬೇಕು. ಹೀಗಿರುವಾಗ 13 ವರ್ಷದ ಹುಡುಗನ ಚೀಲದೊಳಗೆ ಆ ಯಂತ್ರ ಗುರುಗುಟ್ಟುತ್ತಿದ್ದರೆ ಅವನು ಬೀಜಗಣಿತ ಕಲಿಯುವುದು ಹೇಗೆ?

ಹಾಗೆಂದು ಮಕ್ಕಳನ್ನು ಬೈದರೆ ಅದು ನ್ಯಾಯವಲ್ಲ. ಅವರ ಕೈಗೆ ಮೊಬೈಲ್ ಕೊಟ್ಟವರು ಯಾರು? 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದವು. ಪಾಠ ಮೊಬೈಲಿಗೆ ಬಂತು. ಆ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿ ಬೇಡವೆಂದಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಇಂಟರ್ನೆಟ್ ಇಲ್ಲದ ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠ ಬಂದವು. ಸಾಲ ಮಾಡಿ ಫೋನ್ ಕೊಂಡ ಅಪ್ಪ ಅಮ್ಮಂದಿರು ನಿಮ್ಮ ಬೀದಿಯಲ್ಲೇ ಇದ್ದಾರು. ಕೊನೆಗೆ ಶಾಲೆ ತೆರೆದವು. ಸ್ಲೇಟಿನ ಬದಲು ಬಂದ ಫೋನು ಮಾತ್ರ ಮಕ್ಕಳ ಕೈ ಬಿಡಲಿಲ್ಲ.

ಬೇರೆ ದೇಶಗಳು ಏನು ಮಾಡಿವೆ ನೋಡಿ. ಫ್ರಾನ್ಸ್ 2018ರಲ್ಲೇ ಕಾನೂನು ತಂದು ಸುಮಾರು 15 ವರ್ಷದವರೆಗಿನ ಮಕ್ಕಳು ಶಾಲೆಯಲ್ಲಿ ಫೋನ್ ಬಳಸುವುದನ್ನು ನಿಲ್ಲಿಸಿತು. ನೆದರ್‌ಲ್ಯಾಂಡ್ಸ್‌ನ ಪ್ರೌಢಶಾಲೆಗಳು 2024ರ ಜನವರಿಯಿಂದ ತರಗತಿಯಿಂದ ಫೋನನ್ನು ಹೊರಗಿಟ್ಟವು. ಬ್ರೆಜಿಲ್ 2025ರ ಜನವರಿಯಲ್ಲಿ ಕಾಯ್ದೆ ಮಾಡಿತು. ಇವರೆಲ್ಲ ಯಂತ್ರ ಕಂಡರೆ ಹೆದರುವ ಜನವೇ? ಅಲ್ಲ! ವಿಶ್ವಸಂಸ್ಥೆಯ ಯುನೆಸ್ಕೊ 2023ರ ಶಿಕ್ಷಣ ವರದಿಯಲ್ಲಿ ಒಂದು ಮಾತು ಹೇಳಿದೆ: ಒಮ್ಮೆ ಗಮನ ಕದಡಿದರೆ ವಿದ್ಯಾರ್ಥಿ ಮತ್ತೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು. 40 ನಿಮಿಷದ ಪೀರಿಯಡ್‌ನಲ್ಲಿ 20 ನಿಮಿಷ ಹೋದರೆ ಉಳಿದದ್ದೆಷ್ಟು? ಲೆಕ್ಕ ನೀವೇ ಹಾಕಿ.

ಈಗ ನನಗೆ ಮುಖ್ಯವೆನಿಸಿದ ಮಾತು. ಇಂಗ್ಲೆಂಡಿನ 91 ಪ್ರೌಢಶಾಲೆಗಳ ಅಂಕಗಳನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಫೋನ್ ನಿಷೇಧಿಸಿದ ಮೇಲೆ ಅಂಕ ಏರಿತ್ತು. ಯಾರದು? ತರಗತಿಯಲ್ಲಿ ಹಿಂದುಳಿದಿದ್ದ ಮಕ್ಕಳದು! ಮುಂದಿದ್ದವರಿಗೆ ಹೆಚ್ಚೇನೂ ವ್ಯತ್ಯಾಸ ಆಗಲಿಲ್ಲ. ಯೋಚಿಸಿ ಗೆಳೆಯರೇ. ಹಣವಿದ್ದವರ ಮಗ ತರಗತಿಯಲ್ಲಿ ರೀಲ್ಸ್ ನೋಡಿದರೂ ಸಂಜೆ ಟ್ಯೂಷನ್‌ನಲ್ಲಿ ಅದನ್ನು ತುಂಬಿಕೊಳ್ಳುತ್ತಾನೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಯ ಮಗಳಿಗೆ, ಆಟೋ ಓಡಿಸುವವನ ಮಗನಿಗೆ, ಆ 40 ನಿಮಿಷವೇ ಟ್ಯೂಷನ್, ಅದೇ ಆಸ್ತಿ. ಅದನ್ನು ಕದಿಯಲು ಯಾವ ಕಂಪನಿಗೂ ಬಿಡಬಾರದು.

ಆದರೆ ನಿಷೇಧವೊಂದೇ ಮದ್ದು ಎಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನದೇ ಇನ್ನೊಂದು ಅಧ್ಯಯನ 2025ರಲ್ಲಿ ಬಂತು. 30 ಶಾಲೆಗಳನ್ನು ಹೋಲಿಸಿ ನೋಡಿದರೆ, ಕಟ್ಟುನಿಟ್ಟಿನ ಶಾಲೆಯ ಮಕ್ಕಳ ಮನಸ್ಸಿನ ಆರೋಗ್ಯ ಉಳಿದವರಿಗಿಂತ ಉತ್ತಮವಾಗಿರಲಿಲ್ಲ. ಶಾಲೆಯಲ್ಲಿ ಉಳಿಸಿದ ಹೊತ್ತನ್ನು ಮನೆಯಲ್ಲಿ ಕಳೆದರೆ ಫಲವೇನು? ರಾತ್ರಿ ಹನ್ನೊಂದಕ್ಕೆ ಅಪ್ಪನೇ ಫೋನ್ ಹಿಡಿದು ಕೂತಿದ್ದರೆ ಮಗನಿಗೆ ಬುದ್ಧಿ ಹೇಳುವವರು ಯಾರು?

ಇನ್ನು ತಾಯಂದಿರ ಪ್ರಶ್ನೆ: "ಮಗಳು ಎರಡು ಬಸ್ ಬದಲಿಸಿ ಬರ್ತಾಳೆ, ಫೋನ್ ಇಲ್ಲದೆ ಹೇಗಪ್ಪಾ ಕಳಿಸೋದು?" ಸರಿಯಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ ಇಷ್ಟು. ಫೋನ್ ತರಲಿ. ಬೆಳಗಿನ ಗಂಟೆಗೆ ಆಫ್ ಮಾಡಿ ತರಗತಿಯ ಪೆಟ್ಟಿಗೆಯಲ್ಲಿಡಲಿ, ಸಂಜೆ ಗಂಟೆಗೆ ಹಿಂದಕ್ಕೆ ಪಡೆಯಲಿ. ಮಧ್ಯೆ ತುರ್ತಿದ್ದರೆ ಶಾಲೆಯ ಕಚೇರಿಗೆ ಕರೆ ಮಾಡಬೇಕು; ಆ ಫೋನನ್ನು ಎತ್ತುವವರು ಅಲ್ಲಿರಲೇಬೇಕು. ಸಕ್ಕರೆ ಕಾಯಿಲೆಯ ಮಗು ಫೋನಿನಲ್ಲಿ ಸಕ್ಕರೆ ಪ್ರಮಾಣ ನೋಡಿಕೊಳ್ಳುತ್ತಿದ್ದರೆ, ಕಣ್ಣು ಕಿವಿಯ ತೊಂದರೆಯ ಮಗುವಿಗೆ ಅದು ಆಸರೆಯಾಗಿದ್ದರೆ, ಅವರಿಗೆ ವಿನಾಯಿತಿ ಇರಲಿ. ಕಿತ್ತುಕೊಂಡು ತಿಂಗಳುಗಟ್ಟಲೆ ಬೀರುವಿನಲ್ಲಿಡುವುದು, ಎಲ್ಲರೆದುರು ಅವಮಾನಿಸುವುದು ಬೇಡ. ಮೇಷ್ಟ್ರ ಫೋನೂ ಪಾಠದ ಹೊತ್ತಿನಲ್ಲಿ ಅದೇ ಪೆಟ್ಟಿಗೆ ಸೇರಲಿ! ದೊಡ್ಡವರಿಗೆ ಒಂದು ನಿಯಮ, ಮಕ್ಕಳಿಗೆ ಇನ್ನೊಂದು ಎಂದರೆ ಯಾವ ಹುಡುಗನೂ ಕೇಳುವುದಿಲ್ಲ.

ಯುವ ಗೆಳೆಯರೇ, ಇದರಲ್ಲಿ ನಿಮ್ಮ ಪಾತ್ರ ದೊಡ್ಡದು. ಶಾಲೆಗೆ ಹೋಗುವ ತಮ್ಮ ತಂಗಿಯರಿಗೆ ಮೊದಲು ಮಾದರಿ ನೀವು, ಆಮೇಲೆ ಅಪ್ಪ ಅಮ್ಮ. ಶಾಲೆಯ ಹೊತ್ತಿನಲ್ಲಿ ಅವರಿಗೆ ಮೆಸೇಜ್ ಕಳಿಸುವುದನ್ನು ಇಂದೇ ನಿಲ್ಲಿಸಿ. ನೀವು ಓದಿದ ಶಾಲೆಗೆ ಒಮ್ಮೆ ಹೋಗಿ. ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿ ಸದಸ್ಯರನ್ನೂ ಕೂರಿಸಿ ಮಾತಾಡಿ. ಒಂದು ಪೆಟ್ಟಿಗೆ, ಒಂದು ಬೀಗ, ಬಿಡುವಿನಲ್ಲಿ ಆಡಲು ಒಂದು ಚೆಂಡು ಕೊಡಿಸಿ. ನಿಯಮವನ್ನು ಕನ್ನಡದಲ್ಲಿ, ಮಕ್ಕಳಿಗೆ ಅರ್ಥವಾಗುವಂತೆ ಬರೆದು ಗೋಡೆಗೆ ಹಾಕಿಸಿ. ಆ ಹಾಳೆಯನ್ನು ನಾನು ಕಾಸಿಲ್ಲದೆ ಅಚ್ಚು ಹಾಕಿಕೊಡುತ್ತೇನೆ. ಬರೆದು ತನ್ನಿ.