ಚಿವುಟುವುದು, ಕೊಯ್ಯುವುದು, ಅಗೆಯುವುದು



ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ನಮ್ಮ ಹೊಲದ ಬದುಗಳಲ್ಲಿ, ಬೇಲಿಯ ಸಾಲಿನಲ್ಲಿ ಯಾರೂ ಬಿತ್ತದ ಸೊಪ್ಪು ಎದ್ದು ಬರುತ್ತದೆ. ಹಳೇ ಮೈಸೂರಿನ ಕಡೆ ಹೆಣ್ಣುಮಕ್ಕಳು ರಾಗಿ ಹೊಲದಲ್ಲಿ ಕಳೆ ತೆಗೆಯುತ್ತಲೇ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ, ಗಣಿಕೆ, ಕನ್ನೆ ಸೊಪ್ಪನ್ನು ಮಡಿಲಿಗೆ ಹಾಕಿಕೊಳ್ಳುತ್ತಾರೆ. ರಾತ್ರಿಗೆ ಅದೇ ಬೆರಕೆ ಸೊಪ್ಪಿನ ಬಸ್ಸಾರು, ಜೊತೆಗೆ ಮುದ್ದೆ. ಮಲೆನಾಡಿನ ಮನೆಗಳಲ್ಲಿ ಒಂದೆಲಗದ ತಂಬುಳಿ, ಕಾಡು ಕುಡಿಗಳ ತಂಬುಳಿ. ಕರಾವಳಿಯಲ್ಲಿ ಚಗಟೆ ಸೊಪ್ಪಿನ ಪಲ್ಯ, ಕೆಸುವಿನ ಪತ್ರೊಡೆ. ಕೊಡಗಿನಲ್ಲಂತೂ ಆಗಸ್ಟ್ 3ರ ಸುಮಾರಿಗೆ, ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದುಸೊಪ್ಪಿನ ಕಡುನೇರಳೆ ಬಣ್ಣದ ಪಾಯಸ ಆಗಲೇಬೇಕು.

ಇತ್ತೀಚೆಗೆ ಪೇಟೆಯವರಿಗೂ ಈ ಸೊಪ್ಪು, ಬೇರು, ಕಾಯಿಗಳ ಮೇಲೆ ಆಸೆ ಹುಟ್ಟಿದೆ. ಅದು ಒಳ್ಳೆಯದೇ. ಆದರೆ ಗಿಡದ ಯಾವ ಭಾಗಕ್ಕೆ ಕೈ ಹಾಕುತ್ತೇವೆ ಎಂಬುದರ ಮೇಲೆ ಅದರ ಆಯಸ್ಸು ನಿಂತಿದೆ. ಮುಂದಿನ ವರ್ಷವೂ ಅದೇ ಗಿಡದ ಬುಡಕ್ಕೆ ಬರಬೇಕಾದವರು ಕೊಯ್ಯುವ ರೀತಿ ಒಂದು, ಮತ್ತೆ ಬರುವ ಅಗತ್ಯವಿಲ್ಲದವರು ಕೊಯ್ಯುವ ರೀತಿ ಇನ್ನೊಂದು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ತಂಬುಳಿಗೆ ಕುಡಿ ತರುವ ಮಲೆನಾಡಿನ ಅಮ್ಮಂದಿರನ್ನು ಗಮನಿಸಿ. ಉಗುರಿನಿಂದ ಎಳೆಯ ತುದಿಯನ್ನಷ್ಟೇ ಚಿವುಟುತ್ತಾರೆ. ಈ ಪೊದೆಯಿಂದ ನಾಲ್ಕು, ಆ ಪೊದೆಯಿಂದ ನಾಲ್ಕು. ಕೊಂಬೆಯ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ಬೆಳೆಯಗೊಡದೆ ತಡೆದಿರುತ್ತದೆ. ತುದಿ ಹೋದರೆ ಆ ತಡೆಯೂ ಹೋಗಿ, ಒಂದು ಕುಡಿ ಇದ್ದಲ್ಲಿ ಎರಡು ಮೂರು ಕವಲೊಡೆಯುತ್ತವೆ. ಹೀಗೆ ಚಿವುಟಿಸಿಕೊಂಡ ಪೊದೆ ಇನ್ನಷ್ಟು ದಟ್ಟವಾಗುತ್ತದೆ. ಒಂದೆಲಗವಾದರೆ ನೆಲದ ಮೇಲೆ ಹರಿದು ಗೆಣ್ಣು ಗೆಣ್ಣಿಗೂ ಬೇರು ಬಿಡುವ ಬಳ್ಳಿ. ಎಲೆಯನ್ನು ತೊಟ್ಟಿನ ಸಮೇತ ಕಿತ್ತರೆ ಗೆಣ್ಣು ಅಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಬೇರುಸಹಿತ ಎಳೆದು ಕಟ್ಟು ಕಟ್ಟಿದರೆ ಆ ಜಾಗ ಬರಿದಾಗುತ್ತದೆ. ಚಗಟೆ, ಅಣ್ಣೆಯಂಥ ಒಂದು ವರ್ಷದ ಗಿಡಗಳಿಗೆ ಬೀಜವೇ ಗತಿ. ಹಾಗಾಗಿ ಪ್ರತಿ ಜಾಗದಲ್ಲೂ ಒಂದಷ್ಟು ಗಿಡಗಳನ್ನು ಹೂವಿಗೆ ಬಿಡಬೇಕು.

ಸೊಪ್ಪಿನ ಮಟ್ಟಿಗೆ ಹೇಳುವುದಾದರೆ, ಕೊಯ್ಯುವವರಿಂದ ಆಗುವ ಹಾನಿ ಕಡಿಮೆ, ಕಳೆನಾಶಕದಿಂದ ಆಗುವ ಹಾನಿ ಬಹಳ. ಬದುವಿನವರೆಗೂ ಕಳೆನಾಶಕ ಹೊಡೆಯುವ ಹೊಲದಲ್ಲಿ ಬೆರಕೆ ಸೊಪ್ಪಿಗೆ ಜಾಗವೇ ಇಲ್ಲ. ಉಳಿದ ಜಾಗಕ್ಕೆ ಕಾಂಗ್ರೆಸ್ ಗಿಡ ನುಗ್ಗುತ್ತದೆ. ಔಷಧಿ ಹೊಡೆದ ಹೊಲದ ಸೊಪ್ಪನ್ನು, ವಾಹನಗಳ ಹೊಗೆ ಕುಡಿದ ಹೆದ್ದಾರಿ ಬದಿಯ ಸೊಪ್ಪನ್ನು, ಚರಂಡಿ ಪಕ್ಕದ ಹೊನಗೊನೆಯನ್ನು ದಯವಿಟ್ಟು ಮನೆಗೆ ತರಬೇಡಿ.

ಗಿಡದ ಗುರುತಿನ ಬಗ್ಗೆಯೂ ಹೇಳಬೇಕು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ಇದೆ. ಹಾಲೆ ಮರ, ಸಪ್ತಪರ್ಣಿ ಎನ್ನುವುದೂ ಇದನ್ನೇ. ಸೂರ್ಯ ಹುಟ್ಟುವ ಮೊದಲೇ ಹೋಗಿ, ಕಬ್ಬಿಣ ತಾಗಿಸದೆ, ಚೂಪಾದ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುತ್ತಾರೆ. ಮನೆಯಲ್ಲಿ ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು, ಕೆಂಡದಲ್ಲಿ ಕಾಸಿದ ಬಿಳಿಗಲ್ಲನ್ನು ಆ ರಸದೊಳಗೆ ಚುಂಯ್ ಎನ್ನಿಸಿ ಒಗ್ಗರಣೆ ಕೊಡುತ್ತಾರೆ. ಆಮೇಲೆ ದೇಹ ತಂಪಾಗಲೆಂದು ಮೆಂತೆ ಗಂಜಿ. ಮರದ ದೃಷ್ಟಿಯಿಂದ ನೋಡಿದರೆ ಈ ಕಲ್ಲಿನ ನಿಯಮ ಬಹಳ ಒಳ್ಳೆಯದು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಕಾಂಡದ ಸುತ್ತ ಉಂಗುರದಂತೆ ತೊಗಟೆ ಸುಲಿದರೆ ಎಷ್ಟು ದೊಡ್ಡ ಮರವಾದರೂ ಒಣಗುತ್ತದೆ. ಕಲ್ಲಿನಲ್ಲಿ ಜಜ್ಜಿ ತೆಗೆಯುವವರಿಗೆ ಅಂಗೈಯಗಲದ ತುಂಡು ಸಿಕ್ಕರೆ ಹೆಚ್ಚು. ಆ ಗಾಯ ಮಾಯುತ್ತದೆ.

ಅಪಾಯ ಇರುವುದು ಕತ್ತಲೆಯಲ್ಲಿ. ಅದೇ ಗುಡ್ಡದಲ್ಲಿ ಕಾಸರಕನ ಮರವೂ ಇರುತ್ತದೆ. ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ಕಡುವಿಷ. ಅದಕ್ಕೇ ತಿಳಿದವರು ಹಿಂದಿನ ದಿನವೇ ಹಗಲು ಹೊತ್ತಿನಲ್ಲಿ ಹೋಗಿ ಪಾಲೆಯನ್ನು ಗುರುತಿಸಿ ಬರುತ್ತಾರೆ. ಒಂದೇ ಸುತ್ತಿನಲ್ಲಿ ಛತ್ರಿಯ ಕಡ್ಡಿಗಳ ಹಾಗೆ ಹರಡಿದ ಎಲೆಗಳು, ಗಾಯ ಮಾಡಿದರೆ ಒಸರುವ ಬಿಳಿ ಹಾಲು, ಇವೆರಡೂ ಕಂಡರೆ ಮಾತ್ರ ಮುಂದಿನ ಮಾತು. ಗುರುತಿಲ್ಲದವರು ಈ ಕೆಲಸಕ್ಕೆ ಹೋಗಲೇಬಾರದು.

ಅಣಬೆಯ ವಿಷಯದಲ್ಲಿ ನಾನು ಇನ್ನೂ ಖಡಾಖಂಡಿತ. ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ತಿನ್ನಬಹುದು, ಹುಳು ಹತ್ತಿದ್ದರೆ ವಿಷವಿಲ್ಲ ಎಂಬ ಮಾತುಗಳನ್ನು ನಂಬಬೇಡಿ. ಪ್ರಾಣ ತೆಗೆಯುವ ಅಣಬೆಗಳ ವಿಷದ ಲಕ್ಷಣ ಕಾಣಿಸಿಕೊಳ್ಳುವುದೇ ಆರು ಗಂಟೆಯ ನಂತರ, ಕೆಲವೊಮ್ಮೆ ಮರುದಿನ. ಅಷ್ಟರಲ್ಲಿ ವಿಷ ಯಕೃತ್ತಿಗೆ ಇಳಿದಿರುತ್ತದೆ. ಬಿದಿರಿನ ಎಳೆ ಮೊಳಕೆಯಾದ ಕಳಲೆಯನ್ನೂ ಹಾಗೇ ಹಸಿಯಾಗಿ ಬಳಸುವಂತಿಲ್ಲ. ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಟ್ಟು ಬೇಯಿಸುವುದು ಅದರಲ್ಲಿರುವ ಸಯನೈಡ್ ಅಂಶ ಹೋಗಲೆಂದು.

ಇನ್ನು ಕಾಯಿ, ಹಣ್ಣು. ಉತ್ತರ ಕನ್ನಡ, ಶಿವಮೊಗ್ಗದ ಹೊಳೆದಂಡೆಗಳ ಪರಿಮಳದ ಮಾವಿನ ಮಿಡಿ, ಅಪ್ಪೆಮಿಡಿಯನ್ನೇ ತೆಗೆದುಕೊಳ್ಳಿ. ಅಘನಾಶಿನಿ, ಶರಾವತಿ, ಬೇಡ್ತಿ, ಕಾಳಿ ನದಿಗಳ ಬದಿಯಲ್ಲಿ ತಾವಾಗಿ ಬೆಳೆದ ಮರಗಳು ಇವು. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಕಾಯಿ ಕೊಳೆಯುತ್ತದೆ. ತೊಟ್ಟು ಕಳಚಿ ಸೊನೆ ಹೋದರೆ ಪರಿಮಳವೂ ಹೋಗುತ್ತದೆ. ಆದ್ದರಿಂದ ಅನುಭವಸ್ಥರು ಮರ ಹತ್ತಿ, ತೊಟ್ಟಿನ ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಮೆಲ್ಲಗೆ ಕೆಳಗಿಳಿಸುತ್ತಾರೆ. ಮಿಡಿಗೆ ರೇಟು ಬಂದ ಮೇಲೆ ಇನ್ನೊಂದು ದಾರಿ ಶುರುವಾಯಿತು. ಕೊಂಬೆಯನ್ನೇ ಕಡಿದು ಕೆಡವಿ, ನೆಲದಲ್ಲಿ ಕೂತು ಮಿಡಿ ಬಿಡಿಸುವುದು. ಹಾಗೆ ಬೋಳಾದ ಮರ ಮತ್ತೆ ಹಿಂದಿನಂತೆ ಕಾಯಿ ಬಿಡಲು ಎಷ್ಟೋ ವರ್ಷ ಬೇಕು.

ಹುಳಿಹಣ್ಣಿನ ಕಾಡುಮರ ಉಪ್ಪಾಗೆಯ ಕಥೆ ಇದಕ್ಕಿಂತ ದೊಡ್ಡದು. ಮೊದಲೆಲ್ಲ ಮನೆಯ ಹುಳಿಗೆ, ಬೀಜದ ತುಪ್ಪಕ್ಕೆ ಬೇಕಾದಷ್ಟನ್ನೇ ತರುತ್ತಿದ್ದರು. 1990ರ ದಶಕದಲ್ಲಿ ಅದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ತೂಕ ಇಳಿಸುವ ಔಷಧವೆಂದು ಹೊರದೇಶಗಳಲ್ಲಿ ಮಾರತೊಡಗಿದ ಮೇಲೆ ಬೆಲೆ ಏರಿತು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಪೈಪೋಟಿಯಲ್ಲಿ ಹಣ್ಣಾಗುವ ಮೊದಲೇ ಕಾಯಿ ಕೊಯ್ದರು, ಕೊಂಬೆ ಕಡಿದರು. ಎಳೆಗಾಯಿಯ ಬೀಜದಿಂದ ಸಸಿ ಹುಟ್ಟುವುದಿಲ್ಲ. ಮೇಲಾಗಿ ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ. ಸಿಪ್ಪೆ ಒಣಗಿಸಲು ಬೆಂಕಿಯೇ ಬೇಕು, ಬೆಂಕಿಗೆ ಕಾಡಿನ ಸೌದೆಯೇ ಬೇಕು. ಟೆಂಡರ್ ಹಿಡಿದವನಿಗೆ ಆ ಅವಧಿಯ ಲಾಭ ಮುಖ್ಯ, ಮರ ಉಳಿಯಬೇಕೆಂಬ ಚಿಂತೆ ಇರುವುದು ಅಲ್ಲೇ ಬಾಳುವವರಿಗೆ.

ಎಲ್ಲಕ್ಕಿಂತ ಕಷ್ಟದ್ದು ಬೇರು. ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಬಂಡೆಯ ಸಂದಿಗೆ ಬೇರಿಳಿಸಿ ಬೆಳೆಯುವ ಬಳ್ಳಿ ಮಾಗಳಿ, ಕೆಲವರು ಮಾಕಳಿ ಎನ್ನುತ್ತಾರೆ. ಬೆರಳು ಗಾತ್ರದ, ಕಂದು ಸಿಪ್ಪೆಯ ಬೇರು. ಸಿಪ್ಪೆ ಹೆರೆದು, ನಡುವಿನ ಗಟ್ಟಿ ನಾರು ತೆಗೆದು, ಉಳಿದ ತಿರುಳನ್ನು ಸಣ್ಣಗೆ ಹೆಚ್ಚಿ ನಿಂಬೆರಸಕ್ಕೋ ಸಾಸಿವೆ ಖಾರ ಬೆರೆಸಿದ ಮೊಸರಿಗೋ ಹಾಕಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಆ ಘಮಲಿಗೆ ಕಾರಣವಾದ ವಸ್ತು ವೆನಿಲ್ಲಾದ ವೆನಿಲಿನ್‌ಗೆ ರಾಸಾಯನಿಕವಾಗಿ ಬಲು ಹತ್ತಿರದ ನೆಂಟ. ರುಚಿಗೆ ನನ್ನ ತಕರಾರಿಲ್ಲ. ಆದರೆ ಆ ಒಂದು ಭರಣಿಗಾಗಿ ಬಳ್ಳಿಯ ಪೂರ್ತಿ ಬೇರನ್ನು ಹಾರೆ ಹಾಕಿ ಮೀಟಿದ್ದಾರೆ, ಅಲ್ಲಿಗೆ ಬಳ್ಳಿ ಮುಗಿಯಿತು. ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲದ ಈ ಗಿಡ ಇವತ್ತು ಅಳಿವಿನ ಭೀತಿಯ ಸಸ್ಯಗಳ ಪಟ್ಟಿಯಲ್ಲಿದೆ.

ಬೇರು ಅಗೆಯುವುದಕ್ಕೂ ಒಂದು ರೀತಿ ಇದೆ. ಕಾಡುಗೆಣಸನ್ನೇ ನೆಚ್ಚಿದ್ದ ನಮ್ಮ ಬುಡಕಟ್ಟಿನ ಜನ ಗೆಡ್ಡೆ ತೆಗೆದ ಮೇಲೆ ಬಳ್ಳಿಗೆ ಅಂಟಿದ ತಲೆಭಾಗವನ್ನು ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿ ಬರುತ್ತಾರೆ. ಮಳೆ ಬಂದರೆ ಅದು ಮತ್ತೆ ಚಿಗುರುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿ. ತಲೆಮಾರುಗಳಿಂದ ನೆಲ್ಲಿಕಾಯಿ, ಜೇನು, ಪಾಚಿ ತಂದು ಬದುಕಿದವರು. ನೆಲ್ಲಿ ಮರಗಳು ಸಾಯುತ್ತಿರುವುದಕ್ಕೆ ಕೊಂಬೆಗೆ ಅಂಟಿ ಬೆಳೆಯುವ ಬಂದಳಿಕೆ ಕಾರಣ, ಮೊದಲು ನಾವು ಹಾಕುತ್ತಿದ್ದ ತರಗು ಬೆಂಕಿ ನಿಂತದ್ದರಿಂದಲೇ ಬಂದಳಿಕೆಯೂ ಲಂಟಾನವೂ ಹೆಚ್ಚಿದವು ಎಂದು ಅವರು ಹೇಳುತ್ತ ಬಂದರು. ಈ ಮಾತನ್ನು ಸಂಶೋಧಕರೂ ಕಿವಿಗೊಟ್ಟು ಕೇಳಿ ಅಧ್ಯಯನ ಮಾಡಿದರು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದ ನಂತರದ ವರ್ಷಗಳಲ್ಲಿ ಅಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದನ್ನು ನಿಲ್ಲಿಸಲಾಯಿತು. 2011ರಲ್ಲಿ, ಅರಣ್ಯ ಹಕ್ಕು ಕಾಯ್ದೆಯಡಿ, ಅವರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಇದು ನ್ಯಾಯ ಎಂದು ನಾನು ತಿಳಿಯುತ್ತೇನೆ. ಹಕ್ಕು ಇದ್ದವರಿಗೇ ಮುಂದಿನ ವರ್ಷದ ಚಿಂತೆ ಇರುತ್ತದೆ.

ನಾವು ನೀವು ಹಾಗಲ್ಲ, ಆ ಕಾಡಿನ ಹಕ್ಕುದಾರರಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಪ್ರವಾಸಿಗರು ಗಿಡಕ್ಕೆ ಕೈ ಹಾಕುವುದು ಕಾನೂನಿನ ಪ್ರಕಾರ ಅಪರಾಧ. ನಮ್ಮ ಪಾಲಿಗೆ ಊರ ಬದು, ಹಿತ್ತಲು, ಬೇಲಿ ಇವೆ, ಅಷ್ಟು ಸಾಲದೇ?

ಈ ಮಳೆಗಾಲದಲ್ಲಿ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಬದುವಿನ ಮೇಲೆ ನಡೆಯಿರಿ, ಮಕ್ಕಳೂ ಜೊತೆಗಿರಲಿ. ನಾಲ್ಕೈದು ಸೊಪ್ಪನ್ನು ಸರಿಯಾಗಿ ಗುರುತು ಹಿಡಿಯಲು ಕಲಿತರೆ ಮೊದಲ ವರ್ಷಕ್ಕೆ ಧಾರಾಳವಾಯಿತು. ಹೊಲ ಇದ್ದವರು ಒಂದು ಬದುವನ್ನಾದರೂ ಕಳೆನಾಶಕ ಹೊಡೆಯದೆ ಬಿಡಿ. ಮಾಗಳಿ ಬೇರಿನ ಉಪ್ಪಿನಕಾಯಿ ಕೊಳ್ಳುವ ಮುನ್ನ ಬೇರು ಎಲ್ಲಿಯದೆಂದು ಅಂಗಡಿಯವರನ್ನು ಕೇಳಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅಂಗಾಂಶ ಕೃಷಿಯಿಂದ ಇದರ ಸಸಿ ಎಬ್ಬಿಸುವ ವಿಧಾನವನ್ನು ಎಂದೋ ಮಾಡಿ ತೋರಿಸಿದ್ದಾರೆ, ಬೀಜದಿಂದಲೂ ಬೆಳೆಸಬಹುದು. ಬೆಳೆಸಿದ ಬೇರಾದರೆ ಸಂತೋಷದಿಂದ ಕೊಳ್ಳಿ. ಗುಡ್ಡದಿಂದ ಅಗೆದು ತಂದದ್ದಾದರೆ ದಯಮಾಡಿ ಕೊಳ್ಳಬೇಡಿ.